ತಗ್ಗಿನ ನೆಲಕ್ಕೆ ನೆಲಮಾಳಿಗೆ ಬೇಡ

2025ರ ಮೇ 18ರ ರಾತ್ರಿ ಬೆಂಗಳೂರಿನಲ್ಲಿ ನೂರು ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಮರುದಿನ ಸಂಜೆ ಬಿಟಿಎಂ ಬಡಾವಣೆಯ ಎನ್‌.ಎಸ್‌. ಪಾಳ್ಯದ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಲ್ಲಿ ನಿಂತ ನೀರನ್ನು ಮೋಟರು ಹಚ್ಚಿ ಹೊರಹಾಕಲು ಹೊರಟ 63 ವರ್ಷದ ನಿವಾಸಿಯೊಬ್ಬರು ಕರೆಂಟು ಹೊಡೆದು ತೀರಿಕೊಂಡರು. ಅಲ್ಲೇ ಇದ್ದ 12 ವರ್ಷದ ಹುಡುಗನೂ ಬದುಕಲಿಲ್ಲ. ಆಮೇಲೆ ನಡೆದ ಚರ್ಚೆ ನಮಗೆಲ್ಲ ಬಾಯಿಪಾಠವಾಗಿರುವಂಥದ್ದು: ರಾಜಕಾಲುವೆ ಒತ್ತುವರಿ, ಹೂಳು ತೆಗೆಯದ ಚರಂಡಿ, ಕಂಡೂ ಕಾಣದಂತಿದ್ದ ಅಧಿಕಾರಿಗಳು, ಪರಿಹಾರದ ಮೊತ್ತ. ಅವೆಲ್ಲ ನಿಜವೇ. ಆದರೆ ಅದಕ್ಕಿಂತ ಸರಳವಾದ ಒಂದು ಪ್ರಶ್ನೆ ಹೆಚ್ಚಿನವರ ಬಾಯಲ್ಲಿ ಬರಲಿಲ್ಲ. ನೀರು ಇಳಿದು ಬಂದು ಸೇರುವ ತಗ್ಗಿನಲ್ಲಿ, ನೆಲಮಟ್ಟಕ್ಕಿಂತ ಹತ್ತಡಿ ಕೆಳಗೆ, ಜನ ಓಡಾಡುವ, ಕರೆಂಟಿನ ಪ್ಯಾನೆಲ್‌ಗಳಿರುವ ಗುಂಡಿಯನ್ನು ತೋಡಲು ನಾವು ಒಪ್ಪಿಗೆ ಕೊಡುತ್ತಿರುವುದಾದರೂ ಏಕೆ? ಕಣಿವೆಯ ಪಾತ್ರದಲ್ಲಿ, ಕೆರೆ ಏರಿಯ ಕೆಳಗೆ, ರಾಜಕಾಲುವೆಯ ಆಜುಬಾಜಿನಲ್ಲಿ ನೆಲಮಾಳಿಗೆ ಕಟ್ಟುವುದನ್ನೇ ನಿಲ್ಲಿಸಬೇಕು. ಅಲ್ಲಿನ ಕಾರುಗಳು ನೆಲದ ಮೇಲಕ್ಕೆ ಬರಬೇಕು, ಇಲ್ಲವೇ ಕಡಿಮೆಯಾಗಬೇಕು. 2025ರ ಮಳೆಯ ನಂತರ ಇಂಥ ಮಾತು ಸರ್ಕಾರದ ಮಟ್ಟದಲ್ಲೂ ಕೇಳಿಬಂದಿತ್ತು. ಮಳೆ ನಿಂತೊಡನೆ ಮಾತೂ ಒಣಗುವುದು ನಮ್ಮ ರೂಢಿಯಾದ್ದರಿಂದ, ಅದು ನಿಯಮವಾಗುವವರೆಗೆ ಮತ್ತೆ ಮತ್ತೆ ಹೇಳುತ್ತಿರಬೇಕಾಗಿದೆ.

ನೆಲದಡಿ ತೋಡುವುದು ಈ ನಾಡಿಗೆ ಹೊಸದೇನಲ್ಲ. ರಾಗಿ, ಜೋಳ ತುಂಬಿಡಲು ಬಯಲುಸೀಮೆಯ ಹಳ್ಳಿಗಳಲ್ಲಿ ಹಗೇವು ತೋಡುತ್ತಿದ್ದರು. ಅದರೊಳಗೆ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೆ ಹಗೇವಿಗೆ ಆರಿಸುತ್ತಿದ್ದದ್ದು ಎತ್ತರದ, ಗಟ್ಟಿಯಾದ, ಒಣಗಿದ ನೆಲವನ್ನು. ಕೆರೆ ಏರಿಯ ಕೆಳಗೆ ಗದ್ದೆ ಮಾಡುತ್ತಿದ್ದರು, ತೆಂಗು ಹಾಕುತ್ತಿದ್ದರು. ಏರಿಯ ಅಡಿಯಿಂದ ಒಸರುವ ನೀರು ಆ ನೆಲವನ್ನು ಬೇಸಿಗೆಯಲ್ಲೂ ಜವುಗಾಗಿಯೇ ಇಡುತ್ತದೆಂಬುದು ಊರಿಗೆಲ್ಲ ಗೊತ್ತಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಷ್ಟು ಎತ್ತರದ ಊರಿಗೆ ನೆರೆ ಎಲ್ಲಿಂದ ಎಂದು ಹೊರಗಿನವರು ಬೆರಗಾಗುತ್ತಾರೆ. ಎತ್ತರವೇನೋ ಹೌದು, ಆದರೆ ದಿಬ್ಬದ ಬೆನ್ನಿನ ಮೇಲಿರುವುದು ಹಳೆಯ ಊರು ಮಾತ್ರ. ಅದರ ಸುತ್ತ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳು ಇಳಿದುಹೋಗುತ್ತವೆ. ಒಂದು ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರುವಂತೆ ಸರಪಳಿ ಕಟ್ಟಿದ್ದು ಈ ಇಳಿಜಾರನ್ನು ನಂಬಿಯೇ. ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ನಗರ ಬೆಳೆದದ್ದು ಬಹುಪಾಲು ಈ ಕಣಿವೆಗಳೊಳಕ್ಕೆ. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ರಾತ್ರಿಯಲ್ಲಿ 130 ಮಿಲಿಮೀಟರ್ ಆಸುಪಾಸಿನ ಮಳೆಯಾದಾಗ ಬೆಳ್ಳಂದೂರು, ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಕಡೆಯವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದ ಚಿತ್ರಗಳನ್ನು ದೇಶವೆಲ್ಲ ನೋಡಿತು. ನೀರು ಹೊಸ ದಾರಿಯನ್ನೇನೂ ಹುಡುಕಿರಲಿಲ್ಲ.

ಮಳೆನೀರು ಇಳಿಜಾರಿನ ರ‍್ಯಾಂಪಿನಿಂದ ನುಗ್ಗುವುದು ಕಣ್ಣಿಗೆ ಕಾಣುವ ಅರ್ಧ. ಕಾಣದ ಅರ್ಧ ಗೋಡೆಯ ಹಿಂದಿದೆ. 2024ರ ಬೇಸಿಗೆಯಲ್ಲಿ ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿದ್ದವು. ಸಾವಿರ ಅಡಿ ಕೊರೆದರೂ ನೀರು ಸಿಗದ ಊರಿನಲ್ಲಿ ಹದಿನೈದು ಅಡಿ ಆಳದ ನೆಲಮಾಳಿಗೆಯ ಗೋಡೆ ಜಿನುಗುವುದು ಹೇಗೆ ಎಂದು ಕೇಳಿದರೆ ಉತ್ತರ ಸುಲಭ: ಅವು ಎರಡು ಬೇರೆ ಬೇರೆ ನೀರು. ಕೊಳವೆಬಾವಿ ಎಳೆಯುವುದು ಆಳದ ಬಂಡೆಯ ಸೀಳುಗಳಲ್ಲಿ ಎಷ್ಟೋ ಕಾಲದಿಂದ ಸೇರಿಕೊಂಡ ನೀರನ್ನು. ಆ ಬಂಡೆಯ ಮೇಲೆ ಕೆಮ್ಮಣ್ಣು, ಕೆಮ್ಮಣ್ಣಿನ ಅಡಿಯಲ್ಲಿ ಕಳಿತು ಪುಡಿಯಾಗುತ್ತಿರುವ ಕಲ್ಲಿನ ಪದರ ಇದೆ. ಮಳೆಯ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದು ಈ ಪದರ. ಕೆರೆಗಳು ಅದನ್ನು ತುಂಬುತ್ತವೆ. ನಾವು ಕೂಡ ತುಂಬುತ್ತೇವೆ: ನೂರು ಕಿಲೋಮೀಟರ್ ದೂರದಿಂದ ಎತ್ತಿ ತಂದ ಕಾವೇರಿ ನೀರಿನಲ್ಲಿ ನಾಲ್ಕನೇ ಒಂದು ಪಾಲಿಗೂ ಹೆಚ್ಚು ಲೆಕ್ಕಕ್ಕೆ ಸಿಗುವುದಿಲ್ಲವೆಂದು ಬಹುಕಾಲದಿಂದ ಹೇಳಲಾಗುತ್ತಿದೆ, ಅದರಲ್ಲೊಂದು ಭಾಗ ಒಡೆದ ಪೈಪುಗಳಿಂದ ನೆಲಕ್ಕೇ ಇಳಿಯುತ್ತದೆ, ಒಳಚರಂಡಿಯ ಸೋರಿಕೆ ಅದಕ್ಕೆ ಕೂಡಿಕೊಳ್ಳುತ್ತದೆ. ಈ ಮೇಲ್ಪದರದ ನೀರನ್ನು ಚೆನ್ನಾಗಿ ಬಲ್ಲವರು ಬಾವಿ ತೋಡುವ ಮಣ್ಣು ವಡ್ಡರು. ಬಯೋಮ್ ಸಂಸ್ಥೆ ಅವರ ಜೊತೆ ಸೇರಿ ನಗರಕ್ಕೆ ಹತ್ತು ಲಕ್ಷ ತೆರೆದ ಬಾವಿಗಳು ಬೇಕೆಂಬ ಆಂದೋಲನ ನಡೆಸುತ್ತ ಬಂದಿರುವುದು, ಕಬ್ಬನ್ ಉದ್ಯಾನದ ಹಳೆಯ ಬಾವಿಗಳು ಹೂಳು ತೆಗೆದ ಮೇಲೆ ಮತ್ತೆ ನೀರು ಕೊಟ್ಟದ್ದು ಈ ಪದರದ ಬಲದ ಮೇಲೆಯೇ. ತಗ್ಗಿನ ಜಾಗದಲ್ಲಿ ಇಪ್ಪತ್ತು ಮೂವತ್ತು ಅಡಿಗೆ ಬಾವಿಯಲ್ಲಿ ನೀರು ಬರುವುದಾದರೆ, ಅದೇ ಜಾಗದಲ್ಲಿ ಎರಡು ಅಂತಸ್ತು ಕೆಳಗಿಳಿದ ಪಾರ್ಕಿಂಗ್ ಗುಂಡಿಯೂ ಬಾವಿಯೇ. ಅದಕ್ಕೆ ಕಾಂಕ್ರೀಟಿನ ಗೋಡೆಯಿದೆ, ಅಷ್ಟೇ ವ್ಯತ್ಯಾಸ.

ಆ ಗೋಡೆ ಏನನ್ನು ತಡೆದುಕೊಳ್ಳಬೇಕೆಂಬ ಲೆಕ್ಕವನ್ನು ಫ್ಲ್ಯಾಟ್ ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ನೀರಿನ ಮಟ್ಟಕ್ಕಿಂತ ಮೂರು ಮೀಟರ್ ಕೆಳಗಿರುವ ನೆಲಹಾಸಿನ ಪ್ರತಿ ಚದರ ಮೀಟರನ್ನೂ ನೀರು ಮೂರು ಟನ್ ಬಲದಿಂದ ಮೇಲಕ್ಕೆ ಒತ್ತುತ್ತಿರುತ್ತದೆ, ಹಗಲೂ ರಾತ್ರಿ. ಖಾಲಿ ಕೊಡವನ್ನು ನೀರಿಗೆ ಅದುಮಿ ಹಿಡಿದ ಕೈಗೆ ಈ ಬಲದ ಅನುಭವ ಇರುತ್ತದೆ. ಒಳ್ಳೆಯ ಎಂಜಿನಿಯರ್ ಇದಕ್ಕೆ ತಕ್ಕ ದಪ್ಪದ ರಾಫ್ಟ್, ಅಂದರೆ ಅಡಿಯ ಕಾಂಕ್ರೀಟ್ ಹಾಸು, ಹಾಕುತ್ತಾನೆ, ಗೋಡೆಯ ಹೊರಮೈಗೆ ಜಲನಿರೋಧಕ ಹಾಳೆ ಹೊದಿಸುತ್ತಾನೆ, ಕಾಂಕ್ರೀಟ್ ಸುರಿಯುವುದು ನಿಂತು ಮತ್ತೆ ಶುರುವಾಗುವ ಪ್ರತಿ ಕೂಡುಗೆರೆಯಲ್ಲೂ ವಾಟರ್‌ಸ್ಟಾಪ್ ಪಟ್ಟಿ ಕೂರಿಸುತ್ತಾನೆ. ಹೊರಗಿನ ಹೊದಿಕೆಗೆ ಮಣ್ಣು ತುಂಬಿದ ಮೇಲೆ ಅದನ್ನು ಇನ್ನೊಮ್ಮೆ ನೋಡಲು ಯಾರಿಗೂ ಆಗುವುದಿಲ್ಲ. ಮಣ್ಣು ತುಂಬುವಾಗ ಒಂದು ಚೂಪು ಕಲ್ಲು ಹಾಳೆಯನ್ನು ಸೀಳಿದರೆ, ನೀರು ಅಲ್ಲಿ ಒಳಹೊಕ್ಕು ಗೋಡೆಯ ಒಡಲಲ್ಲೇ ಹರಿದು ಇನ್ನೆಲ್ಲೋ ಇಪ್ಪತ್ತು ಅಡಿ ಆಚೆ ಕಾಣಿಸಿಕೊಳ್ಳುತ್ತದೆ. ಆಗ ಒಳಗಿನಿಂದ ಇಂಜೆಕ್ಷನ್ ಗ್ರೌಟಿಂಗ್ ಶುರುವಾಗುತ್ತದೆ: ಬಿರುಕಿಗೆ ರಂಧ್ರ ಕೊರೆದು ರಾಸಾಯನಿಕ ತುಂಬುವುದು. ಆ ಬಿರುಕು ಮುಚ್ಚುತ್ತದೆ, ನೀರು ಪಕ್ಕದ ಬಿರುಕನ್ನು ಹುಡುಕುತ್ತದೆ, ಮರುವರ್ಷ ಗುತ್ತಿಗೆದಾರ ಮತ್ತೆ ಬರುತ್ತಾನೆ. ಈ ನಡುವೆ ಜಿನುಗು ಒಳಗಿನ ಕಬ್ಬಿಣವನ್ನು ಮುಟ್ಟಿರುತ್ತದೆ. ಕಬ್ಬಿಣ ತುಕ್ಕು ಹಿಡಿದಾಗ ಎರಡರಿಂದ ಆರು ಪಟ್ಟು ಹಿಗ್ಗುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ. ಹತ್ತು ಹದಿನೈದು ಅಂತಸ್ತಿನ ಭಾರ ಹೊತ್ತ ಕಂಬಗಳ ಬುಡ ಇರುವುದು ಆ ತೇವದಲ್ಲೇ ಎಂಬುದನ್ನು ಮಾಲೀಕರ ಸಂಘಗಳು ಬಣ್ಣ ಬಳಿಯುವ ಚರ್ಚೆಯ ನಡುವೆ ಮರೆತುಬಿಡುತ್ತವೆ.

ಪಂಪು ಇದೆಯಲ್ಲ ಎನ್ನುವುದು ಸಾಮಾನ್ಯ ಸಮಾಧಾನ. ಸಾವಿರ ಚದರ ಮೀಟರಿನ ನೆಲಮಾಳಿಗೆಯಲ್ಲಿ ಒಂದು ಮೀಟರ್ ನೀರು ನಿಂತರೆ ಅದು ಹತ್ತು ಲಕ್ಷ ಲೀಟರ್. ನಿಮಿಷಕ್ಕೆ ಐನೂರು ಲೀಟರ್ ಎತ್ತುವ ಪಂಪಿಗೆ ಅದನ್ನು ಖಾಲಿ ಮಾಡಲು 33 ಗಂಟೆ ಬೇಕು, ಅದೂ ಹೊಸ ನೀರು ಒಂದು ಹನಿಯೂ ಬರದಿದ್ದರೆ. ಎತ್ತಿದ ನೀರು ಹೋಗುವುದೆಲ್ಲಿಗೆ? ಬೀದಿಯ ಚರಂಡಿಗೆ. ಆ ಹೊತ್ತಿಗೆ ಚರಂಡಿ ತುಂಬಿ ರಸ್ತೆಯ ಮೇಲೆ ಹರಿಯುತ್ತಿರುತ್ತದೆ, ಅದೇ ನೀರು ರ‍್ಯಾಂಪಿನಲ್ಲಿ ಮತ್ತೆ ಕೆಳಗಿಳಿಯುತ್ತದೆ. ಜೋರು ಮಳೆಗೆ ಮೊದಲು ಹೋಗುವುದು ಕರೆಂಟು. ಜನರೇಟರು ಇರುವುದೂ ಎಷ್ಟೋ ಕಡೆ ಅದೇ ನೆಲಮಾಳಿಗೆಯಲ್ಲಿ. ಇದು ಸಣ್ಣ ಅಪಾರ್ಟ್‌ಮೆಂಟಿನ ದಡ್ಡತನವೆಂದು ಭಾವಿಸಬೇಕಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಕಾವೇರಿ ನೀರನ್ನು ಕಳಿಸುವ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೇ ನೆರೆನೀರು ನುಗ್ಗಿ ಯಂತ್ರಗಳು ಮುಳುಗಿದವು. ಸುತ್ತ ನೀರಿದ್ದರೂ ಹತ್ತಾರು ಬಡಾವಣೆಗಳ ನಲ್ಲಿಗಳು ಒಣಗಿದವು. ಪಂಪನ್ನೇ ವೃತ್ತಿಯಾಗಿ ನಡೆಸುವವರ ಪಾಡು ಇದಾದರೆ ಕಾವಲುಗಾರನೊಬ್ಬನ ಕೈಗೆ ಸ್ವಿಚ್ಚು ಕೊಟ್ಟು ನಿಶ್ಚಿಂತೆಯಾಗಿ ಮಲಗುವ ಸಂಘಗಳ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಸಂಗತಿಯೂ ಇದೆ: ಕುಡಿಯುವ ನೀರಿನ ಸಂಪು ಕೂಡ ನೆಲಮಾಳಿಗೆಯಲ್ಲೇ ಇದ್ದರೆ, ನೆರೆ ಇಳಿದ ಮೇಲೆ ಒಳಚರಂಡಿ ಬೆರೆತ ನೀರೇ ಮನೆಮನೆಯ ನಲ್ಲಿಗೆ ಏರುತ್ತದೆ.

ನೀರು ನಿಲ್ಲದ ದಿನಗಳಲ್ಲೂ ತೇವ ಬಿಡುವುದಿಲ್ಲ. ಮುಗ್ಗು ವಾಸನೆ, ಗೋಡೆಯ ಮೇಲೆ ಬಿಳಿಯ ಉಪ್ಪು, ಬೂಷ್ಟು ಹಿಡಿದ ಕಾರಿನ ಸೀಟು, ಕೊರೆದು ತಿಂದಂತೆ ಉದುರುವ ಪ್ಲಾಸ್ಟರು. ಫ್ಯಾನು ಹಾಕಿ ಗಾಳಿ ಆಡಿಸಿದರೆ ಒಣಗುತ್ತದೆಂಬುದು ಎಲ್ಲರ ನಂಬಿಕೆ. ಆದರೆ ಹಿಂದಿನಿಂದ ನೀರು ಕುಡಿಯುತ್ತಲೇ ಇರುವ ಗೋಡೆಯ ಮುಂಭಾಗವನ್ನು ಒಣಗಿಸಿದಷ್ಟೂ ಅದು ಇನ್ನಷ್ಟು ನೀರೆಳೆಯುತ್ತದೆ, ನೀರು ಆವಿಯಾಗುತ್ತದೆ, ಅದರೊಳಗಿನ ಉಪ್ಪು ಪ್ಲಾಸ್ಟರಿನಲ್ಲಿ ಉಳಿದು ಹರಳುಗಟ್ಟಿ ಅದನ್ನು ಒಡೆಯುತ್ತದೆ. ಕರಾವಳಿಯಲ್ಲಂತೂ ಹೊರಗಿನ ಗಾಳಿಯೇ ಒದ್ದೆ. ಮಂಗಳೂರಿನ ಜುಲೈ ತಿಂಗಳ ಗಾಳಿಯಲ್ಲಿ ಆರ್ದ್ರತೆ ತೊಂಬತ್ತರ ಹತ್ತಿರ ಇರುತ್ತದೆ. ಎಂಬತ್ತು ದಾಟಿದ ಕಡೆ ಬೂಷ್ಟು ಬೆಳೆಯಲು ಬೇರೆ ನೀರೇ ಬೇಡ. ಅಂಥ ಗಾಳಿಯನ್ನು ಎಕ್ಸಾಸ್ಟ್ ಫ್ಯಾನು ಒಳಗೆಳೆದು ತಂದರೆ ಒಣಗುವುದೇನು?

ಈ ಮಾತಿಗೆ ದೂರದ ಊರೊಂದರ ಸಾಕ್ಷ್ಯವಿದೆ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಮನೆಯ ಮರದ ನೆಲಹಾಸಿಗೂ ಮಣ್ಣಿಗೂ ನಡುವೆ ಮಂಡಿಯೂರಿ ತೆವಳುವಷ್ಟು ಎತ್ತರದ ಜಾಗ ಬಿಡುತ್ತಾರೆ. ಅಲ್ಲಿ ತೇವ ಕೂರಬಾರದೆಂದು ಸುತ್ತಗೋಡೆಗೆ ಗಾಳಿಕಿಂಡಿ ಇಡಬೇಕೆಂಬ ನಿಯಮ 1940ರ ದಶಕದಿಂದ ಬಹುಕಾಲ ಪ್ರಶ್ನೆಯಿಲ್ಲದೆ ನಡೆದುಬಂತು. ಉತ್ತರ ಕ್ಯಾರೊಲಿನಾದ ಪ್ರಿನ್ಸ್‌ವಿಲ್ ಎಂಬ ಪುಟ್ಟ ಪಟ್ಟಣ, ಕಪ್ಪು ಜನರೇ ಸ್ಥಾಪಿಸಿಕೊಂಡದ್ದು, 1885ರಲ್ಲಿ ಅಧಿಕೃತವಾಗಿ ಪಟ್ಟಣವಾದದ್ದು, 1999ರ ಫ್ಲಾಯ್ಡ್ ಚಂಡಮಾರುತದಲ್ಲಿ ಟಾರ್ ನದಿಯ ಪ್ರವಾಹಕ್ಕೆ ಮುಳುಗಿತು. ಆಮೇಲೆ ಅಲ್ಲಿ ಹೊಸದಾಗಿ ಕಟ್ಟಿದ ಒಂದೇ ಬಗೆಯ ಹನ್ನೆರಡು ಮನೆಗಳಲ್ಲಿ ಅಡ್ವಾನ್ಸ್ಡ್ ಎನರ್ಜಿ ಎಂಬ ಸಂಸ್ಥೆ ಅಳತೆ ಮಾಡಿ ನೋಡಿತು. ಕೆಲವು ಮನೆಗಳಡಿ ಕಿಂಡಿ ತೆರೆದೇ ಇಟ್ಟರು, ಉಳಿದವುಗಳಲ್ಲಿ ಕಿಂಡಿ ಮುಚ್ಚಿ, ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯವರೆಗೂ ಹಾಸಿ ಬಿಗಿ ಮಾಡಿದರು. ಬೇಸಿಗೆಯ ಸೆಕೆಯಲ್ಲಿ ತೇವ ಹೆಚ್ಚಿದ್ದದ್ದು ಕಿಂಡಿ ತೆರೆದ ಮನೆಗಳಡಿ. ಹೊರಗಿನ ಒದ್ದೆ ಬಿಸಿಗಾಳಿ ನೆರಳಿನ ತಂಪಿಗೆ ಬಂದು ತನ್ನ ತೇವವನ್ನು ಅಲ್ಲೇ ಬಿಟ್ಟುಕೊಡುತ್ತಿತ್ತು. ಮುಚ್ಚಿದ ಮನೆಗಳು ಒಣಗಿದ್ದವು, ತಂಪು ಮತ್ತು ಬಿಸಿಗಾಗಿ ಆಗುವ ವಿದ್ಯುತ್ ಖರ್ಚೂ ಕಡಿಮೆಯಾಯಿತು. ಆ ರಾಜ್ಯ ಕೆಲವೇ ವರ್ಷಗಳಲ್ಲಿ ಕಟ್ಟಡ ನಿಯಮವನ್ನು ಪರಿಷ್ಕರಿಸಿತು. ರ‍್ಯಾಲಿ, ಶಾರ್ಲಟ್ ಕಡೆ ಮನೆ ಕೊಂಡ ಕನ್ನಡಿಗರಿಗೆ ಈ ಕಥೆ ಗೊತ್ತಿರಲಿಕ್ಕೂ ಸಾಕು. ನಮಗೆ ಅದರಿಂದ ಬರುವ ಮಾತು ಎರಡು. ನೆಲದ ನೀರನ್ನು ಮೂಲದಲ್ಲೇ ತಡೆಯದೆ ಗಾಳಿಯಿಂದ ಒಣಗಿಸುತ್ತೇವೆಂಬುದು ಆರ್ದ್ರ ಹವೆಯಲ್ಲಿ ನಡೆಯದು. ಮತ್ತೆ, ಯಾರೂ ಅಳೆದು ನೋಡದ ನಿಯಮ ಅರವತ್ತು ವರ್ಷ ಕಾನೂನಾಗಿ ಬದುಕಬಲ್ಲದು. ಆದರೆ ಪ್ರಿನ್ಸ್‌ವಿಲ್‌ನ ಉಪಾಯವನ್ನೇ ಇಲ್ಲಿಗೆ ತರೋಣವೆಂದರೆ ಅದೂ ಆಗದು. ಕಾರಿನ ಹೊಗೆ ತುಂಬುವ ನೆಲಮಾಳಿಗೆಯನ್ನು ಮುಚ್ಚಿಡುವಂತಿಲ್ಲ. ಗಾಳಿ ಬೇಕು, ಗಾಳಿ ತೇವ ತರುತ್ತದೆ. ಈ ಇಕ್ಕಟ್ಟಿನಿಂದ ಪಾರಾಗುವ ನೇರ ದಾರಿ ಕಾರನ್ನು ಗಾಳಿ ತಾನಾಗಿ ಆಡುವ ಕಡೆ, ಅಂದರೆ ನೆಲದ ಮೇಲೆ, ನಿಲ್ಲಿಸುವುದು.

ಗೋಡೆ ಕೆಟ್ಟರೆ ಹಣ ಹೋಗುತ್ತದೆ. ಜೀವ ಹೋದ ಲೆಕ್ಕವೂ ಇದೆ. 2021ರ ಸೆಪ್ಟೆಂಬರ್ 1ರಂದು ಐಡಾ ಚಂಡಮಾರುತದ ಮಳೆಗೆ ನ್ಯೂಯಾರ್ಕ್ ನಗರದಲ್ಲಿ ಸತ್ತ 13 ಜನರಲ್ಲಿ 11 ಮಂದಿ ನೆಲಮಾಳಿಗೆಯ ಮನೆಗಳಲ್ಲಿದ್ದವರು. 2022ರ ಆಗಸ್ಟಿನಲ್ಲಿ ಸೋಲ್ ನಗರದ ಅರೆ ನೆಲಮಾಳಿಗೆಯ ಮನೆಯೊಂದರಲ್ಲಿ ಒಂದೇ ಕುಟುಂಬದ ಮೂವರು ಮುಳುಗಿದರು. ಇನ್ನು ಮುಂದೆ ಇಂಥ ಮನೆಗಳಿಗೆ ಅನುಮತಿಯಿಲ್ಲವೆಂದು ಆ ನಗರಾಡಳಿತ ಘೋಷಿಸಿತು. ಬೆಂಗಳೂರಿನಲ್ಲಿ ಟ್ರ್ಯಾಕ್ಟರುಗಳು ಓಡಾಡುತ್ತಿದ್ದ ಅದೇ ವಾರ, 2022ರ ಸೆಪ್ಟೆಂಬರ್ 6ರಂದು, ದಕ್ಷಿಣ ಕೊರಿಯದ ಪೋಹಾಂಗ್‌ನಲ್ಲಿ ಕಾರುಗಳನ್ನು ಈಚೆ ತರಲು ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿದವರ ಮೇಲೆ ಪಕ್ಕದ ಹೊಳೆ ಉಕ್ಕಿ ಬಂತು. ಏಳು ಜನ ಸತ್ತರು, ಇಬ್ಬರನ್ನು ಮಾತ್ರ ಜೀವಂತ ಹೊರತೆಗೆಯಲಾಯಿತು. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಕೋಚಿಂಗ್ ಸಂಸ್ಥೆಯೊಂದು ನೆಲಮಾಳಿಗೆಯಲ್ಲಿ ನಡೆಸುತ್ತಿದ್ದ ಗ್ರಂಥಾಲಯಕ್ಕೆ ನೀರು ನುಗ್ಗಿ ನಾಗರಿಕ ಸೇವೆಗಳ ಪರೀಕ್ಷೆಗೆ ಓದುತ್ತಿದ್ದ ಮೂವರು ವಿದ್ಯಾರ್ಥಿಗಳು ಹೊರಬರಲಾರದೆ ಹೋದರು. ಒಂದು ಸಾಮಾನ್ಯ ಬಾಗಿಲಿನ ಆಚೆ ಎರಡಡಿ ನೀರು ನಿಂತರೆ ಅದು ಸುಮಾರು 160 ಕಿಲೋ ಭಾರದಷ್ಟು ಬಲದಿಂದ ಬಾಗಿಲನ್ನು ಒತ್ತುತ್ತದೆ. ನೀರು ಮೊಣಕಾಲಿಗೆ ಬರುವವರೆಗೆ ಕಾದವರಿಗೆ ಬಾಗಿಲು ತೆರೆಯುವುದಿಲ್ಲ. ನಮ್ಮಲ್ಲಿ ಪಾರ್ಕಿಂಗಿಗೆಂದು ಮಂಜೂರಾದ ನೆಲಮಾಳಿಗೆ ಗೋದಾಮಾಗುತ್ತದೆ, ಕ್ಲಿನಿಕ್ಕಾಗುತ್ತದೆ, ಟ್ಯೂಷನ್ ಕೋಣೆಯಾಗುತ್ತದೆ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಅದರ ಮೂಲೆಯ ಕೋಣೆ ಕಾವಲುಗಾರನ ಸಂಸಾರಕ್ಕೆ ಮನೆಯೂ ಆಗುತ್ತದೆ. ಮೇಲಿನ ಅಂತಸ್ತಿನವರಿಗೆ ಕಾರಿನ ವಿಮೆಯ ಚಿಂತೆ ಇರುವ ರಾತ್ರಿ, ಕೆಳಗೆ ಮಲಗಿದವರಿಗೆ ಬೇರೆಯೇ ಚಿಂತೆ.

ಇಷ್ಟೆಲ್ಲ ಗೊತ್ತಿದ್ದೂ ಬಿಲ್ಡರುಗಳು ತಗ್ಗಿನಲ್ಲಿ ಏಕೆ ತೋಡುತ್ತಾರೆ? ದುರಾಸೆ ಎಂದು ಬೈದು ಸುಮ್ಮನಾಗುವುದು ಸುಲಭ. ನನ್ನ ಮಟ್ಟಿಗೆ ಮುಖ್ಯ ಅಪರಾಧಿ ನಮ್ಮ ಕಟ್ಟಡ ನಿಯಮಗಳೇ. ಮಧ್ಯಮ ಗಾತ್ರದ ಫ್ಲ್ಯಾಟಿಗೂ ಕನಿಷ್ಠ ಒಂದು ಕಾರಿನ ಜಾಗ ತೋರಿಸದೆ ನಕ್ಷೆ ಮಂಜೂರಾಗುವುದಿಲ್ಲ. ಓಡಾಡುವ ದಾರಿಯೂ ಸೇರಿದರೆ ಒಂದು ಕಾರು ಸುಮಾರು 30 ಚದರ ಮೀಟರ್ ತಿನ್ನುತ್ತದೆ, ಅಂದರೆ ಒಂದು ಚಿಕ್ಕ ಮನೆಯಷ್ಟು. ಪಾರ್ಕಿಂಗಿಗೆ ಬಿಟ್ಟ ಜಾಗ ಎಫ್‌ಎಆರ್, ಅಂದರೆ ನಿವೇಶನದಲ್ಲಿ ಕಟ್ಟಬಹುದಾದ ಒಟ್ಟು ವಿಸ್ತೀರ್ಣದ ಮಿತಿಯ, ಲೆಕ್ಕಕ್ಕೆ ಬರುವುದಿಲ್ಲ, ಹೀಗಾಗಿ ಮಾರಲಾಗುವ ಅಂತಸ್ತುಗಳೆಲ್ಲ ಮೇಲೆ, ಕಾರುಗಳೆಲ್ಲ ಕೆಳಗೆ ಎಂಬುದು ಲಾಭದ ನೇರ ಗಣಿತ. ನಿವೇಶನ ದಿಬ್ಬದ ಮೇಲಿದೆಯೋ ಕೆರೆಯ ಬಾಯಲ್ಲಿದೆಯೋ ಎಂಬುದನ್ನು ಈ ಗಣಿತ ಕೇಳುವುದೇ ಇಲ್ಲ. ಕೆರೆ, ಕಾಲುವೆಗಳ ಪಕ್ಕ ಬಿಡಬೇಕಾದ ಮೀಸಲು ಜಾಗದ ಬಗ್ಗೆ ನಾವು ವರ್ಷಗಟ್ಟಲೆ ಜಗಳವಾಡಿದ್ದೇವೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ ಮಹಾಯೋಜನೆಯಲ್ಲಿದ್ದ 30 ಮೀಟರಿಗೇ ಮರಳಿಸಿತು. ಎಷ್ಟು ಮೀಟರ್ ಸರಿ ಎಂಬ ವಾದ ಏನೇ ಇರಲಿ, ಆ ಅಳತೆಯೆಲ್ಲ ಅಡ್ಡಕ್ಕೆ. ಕೆರೆಯಂಚಿನಿಂದ 31ನೇ ಮೀಟರಿನಲ್ಲಿ ಮೂರು ಅಂತಸ್ತು ಕೆಳಕ್ಕೆ ತೋಡಿದರೆ ನಿಯಮಕ್ಕೆ ತಕರಾರಿಲ್ಲ, ನೆಲದಡಿಯ ನೀರಿಗೆ ಮಾತ್ರ ಆ ಗೆರೆ ಕಾಣುವುದಿಲ್ಲ. ಆಳಕ್ಕೆ ಅಳೆಯುವ ನಿಯಮ ಬೇಕು: ಮಳೆಗಾಲ ಮುಗಿಯುವ ಹೊತ್ತಿಗೆ ಆ ನಿವೇಶನದಲ್ಲಿ ನೀರಿನ ಮಟ್ಟ ಎಷ್ಟು ಅಡಿಗಿದೆಯೋ ಅದಕ್ಕಿಂತ ಕೆಳಗೆ ಗುದ್ದಲಿ ಹಾಕಬಾರದು. ಅದನ್ನು ತಿಳಿಯಲು ದೊಡ್ಡ ವಿಜ್ಞಾನವೇನೂ ಬೇಡ, ಒಂದು ಕಿರುಬಾವಿ ತೋಡಿ ಒಂದು ಮಳೆಗಾಲ ನೋಡಿದರೆ ಸಾಕು.

ರಾಜಕಾಲುವೆ ಒತ್ತುವರಿ ತೆರವಾದರೆ ನೆರೆ ತಾನಾಗಿ ನಿಲ್ಲುತ್ತದೆ, ಆಗ ನೆಲಮಾಳಿಗೆಯನ್ನು ದೂರುವ ಅಗತ್ಯವೇ ಇಲ್ಲ ಎನ್ನುವವರಿದ್ದಾರೆ. ತೆರವು ಆಗಲೇಬೇಕು. ಆದರೆ ಕಾಲುವೆ ಎಷ್ಟೇ ಅಗಲವಾಗಿದ್ದರೂ ಅದು ಸಾಗಿಸುವುದು ನೆಲದ ಮೇಲಿನ ನೀರನ್ನು. ಹದಿನೈದು ಅಡಿ ಕೆಳಗಿನ ಒಸರಿಗೆ ಅದು ಏನನ್ನೂ ಮಾಡಲಾರದು. ಮೆಟ್ರೊ ಸುರಂಗ ನೀರಿನ ಮಟ್ಟಕ್ಕಿಂತ ಕೆಳಗೇ ಓಡುತ್ತಿಲ್ಲವೇ, ತಂತ್ರಜ್ಞಾನವಿದ್ದ ಮೇಲೆ ಭಯವೇಕೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಓಡುತ್ತದೆ ನಿಜ. ಅದರ ಹಿಂದೆ ದಿನದ 24 ಗಂಟೆಯೂ ಎಚ್ಚರವಿರುವ ಒಂದು ಸಂಸ್ಥೆಯಿದೆ, ಬದಲಿ ಪಂಪುಗಳು, ಬದಲಿ ವಿದ್ಯುತ್ತು, ತರಬೇತಿ ಪಡೆದ ಸಿಬ್ಬಂದಿ, ವರ್ಷವರ್ಷದ ಬಜೆಟ್ಟು ಇವೆ. ಮೂವತ್ತು ಮನೆಗಳ ಮಾಲೀಕರ ಸಂಘ, ಅದರಲ್ಲೂ ಅರ್ಧಕ್ಕರ್ಧ ಬಾಡಿಗೆದಾರರಿರುವ ಕಟ್ಟಡದ ಸಂಘ, ನಿರ್ವಹಣಾ ಶುಲ್ಕದಲ್ಲಿ ನೂರು ರೂಪಾಯಿ ಏರಿಸಲು ಎರಡು ಸಭೆ ಕರೆಯುತ್ತದೆ. ತಂತ್ರಜ್ಞಾನ ಸಾಧ್ಯವೇ ಎಂಬ ಪ್ರಶ್ನೆಗಿಂತ, ಬಿಲ್ಡರ್ ಕೈತೊಳೆದುಕೊಂಡ ಮೇಲಿನ ಐವತ್ತು ವರ್ಷ ಅದನ್ನು ನಡೆಸುವವರು ಯಾರು ಎಂಬ ಪ್ರಶ್ನೆ ದೊಡ್ಡದು.

ನೆಲಮಟ್ಟವನ್ನೇ ಪಾರ್ಕಿಂಗಿಗೆ ಬಿಟ್ಟು ಕಂಬಗಳ ಮೇಲೆ ಮನೆ ಕಟ್ಟುವ ಸ್ಟಿಲ್ಟ್ ಪದ್ಧತಿಗೂ ಒಂದು ನ್ಯಾಯವಾದ ವಿರೋಧವಿದೆ. 2001ರ ಜನವರಿ 26ರ ಗುಜರಾತ್ ಭೂಕಂಪದಲ್ಲಿ ಕೇಂದ್ರಬಿಂದುವಿನಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಿದ್ದ ಅಪಾರ್ಟ್‌ಮೆಂಟುಗಳಲ್ಲಿ ಅನೇಕವು ಹೀಗೆ ಬರಿಗಂಬಗಳ ಮೇಲೆ ನಿಂತವಾಗಿದ್ದವು. ಮೇಲೆ ಗೋಡೆಗಳ ಬಿಗಿ, ಕೆಳಗೆ ಬರಿಯ ಕಂಬ. ಭೂಮಿ ಅದುರಿದಾಗ ಮಣಿಯುವುದು ಆ ಕೆಳ ಅಂತಸ್ತೇ. ಈ ಅಪಾಯಕ್ಕೆ ಪರಿಹಾರ ಗೊತ್ತಿರುವುದೇ: ಲಿಫ್ಟು, ಮೆಟ್ಟಿಲುಗಳ ಸುತ್ತ ಕಾಂಕ್ರೀಟಿನ ಗೋಡೆ, ಕೆಳ ಅಂತಸ್ತಿನಲ್ಲಿ ದಪ್ಪ ಕಂಬ, ಹತ್ತಿರ ಹತ್ತಿರ ಕಟ್ಟಿದ ಕಬ್ಬಿಣದ ಬಳೆಗಳು. ಬೆಂಗಳೂರು ಭೂಕಂಪದ ಅಪಾಯ ಕಡಿಮೆಯಿರುವ ವಲಯದಲ್ಲಿದೆ, ಮಳೆ ಮಾತ್ರ ಪ್ರತಿವರ್ಷ ಬರುತ್ತದೆ. ಎರಡನ್ನೂ ತೂಗಿ ನೋಡಿದರೆ ಹೆಚ್ಚುವರಿ ಕಬ್ಬಿಣದ ಖರ್ಚು ನನಗೆ ಒಪ್ಪಿಗೆ.

ಉಳಿಯುವುದು ಬೆಲೆಯ ವಾದ. ನೆಲಮಾಳಿಗೆ ಬೇಡವೆಂದರೆ ಫ್ಲ್ಯಾಟುಗಳು ತುಟ್ಟಿಯಾಗುತ್ತವೆ, ಕಾರುಗಳು ಬೀದಿಗೆ ಬರುತ್ತವೆ. ಆಳಕ್ಕೆ ತೋಡುವುದು, ಪಕ್ಕದ ಮನೆಯ ಮಣ್ಣು ಕುಸಿಯದಂತೆ ಆಸರೆ ಕೊಡುವುದು, ಕಟ್ಟುವವರೆಗೂ ನೀರೆತ್ತುವುದು, ಜಲನಿರೋಧಕ ಹೊದಿಸುವುದು ಯಾವುದೂ ಅಗ್ಗದ್ದಲ್ಲ. ತಗ್ಗಿನಲ್ಲಿ ಅದು ದಿಬ್ಬದ ಮೇಲಿಗಿಂತ ಹೆಚ್ಚು. ಕೊಳ್ಳುವಾಗ ಅಗ್ಗವೆನಿಸಿದ್ದು ಆಮೇಲೆ ಪಂಪಿನ ಬಿಲ್ಲು, ಗ್ರೌಟಿಂಗ್ ಬಿಲ್ಲು, ಹಾಳಾದ ಲಿಫ್ಟಿನ ಬಿಲ್ಲಾಗಿ ಕಂತಿನಲ್ಲಿ ಬರುತ್ತದೆ. ಬೀದಿಗೆ ಬರುವ ಕಾರಿನ ಮಾತು ಮಾತ್ರ ಗಂಭೀರ. ಒಂದು ಕೋಟಿಗೂ ಹೆಚ್ಚು ವಾಹನಗಳಿರುವ ಊರು ಇದು. ಆದರೆ ಕಾರಿಗೆ ಜಾಗ ಕೊಡುವುದು ಕಟ್ಟಡದ ಕರ್ತವ್ಯ ಎಂಬ ನಿಯಮವನ್ನು ತಗ್ಗುಪ್ರದೇಶಗಳ ಮಟ್ಟಿಗಾದರೂ ಸಡಿಲಿಸಿದರೆ, ಕಾರಿಲ್ಲದ ಕುಟುಂಬ ಬೇರೆಯವರ ಕಾರಿನ ಗುಂಡಿಗೆ ದುಡ್ಡು ತೆರುವುದು ತಪ್ಪುತ್ತದೆ. ಬೀದಿಯಲ್ಲಿ ನಿಲ್ಲಿಸಿದ್ದಕ್ಕೆ ಹಣ ಕೊಡಬೇಕೆಂಬ ಪಾರ್ಕಿಂಗ್ ನೀತಿ 2.0 ಅನ್ನು ನಗರ ಭೂ ಸಾರಿಗೆ ನಿರ್ದೇಶನಾಲಯ ರೂಪಿಸಿ ವರ್ಷಗಳಾದವು. ಅದು ಪೂರ್ತಿಯಾಗಿ ಜಾರಿಯಾಗದೆ ಬೀದಿಯನ್ನು ಪುಕ್ಕಟೆ ಬಿಟ್ಟು, ಕಾರುಗಳೆಲ್ಲ ನೆಲದಡಿಗೆ ಹೋಗಲಿ ಎನ್ನುವುದು ನೀತಿಯಲ್ಲ.

ಈಗಾಗಲೇ ಕಟ್ಟಿರುವ ಸಾವಿರಾರು ನೆಲಮಾಳಿಗೆಗಳನ್ನು ಮಣ್ಣು ತುಂಬಿ ಮುಚ್ಚಿ ಎಂದು ಯಾರೂ ಹೇಳುತ್ತಿಲ್ಲ. ವಿದ್ಯುತ್ ಪ್ಯಾನೆಲ್, ಮೀಟರು, ಜನರೇಟರು ನೆಲಮಟ್ಟದ ಮೇಲಕ್ಕೆ ಬರಲಿ. ನೆಲಮಾಳಿಗೆಯ ಲೈನುಗಳಿಗೆ ಸೋರಿಕೆಯಾದೊಡನೆ ಕಡಿತಗೊಳಿಸುವ ಆರ್‌ಸಿಸಿಬಿ ಕಡ್ಡಾಯವಾಗಲಿ, ಎನ್‌.ಎಸ್‌. ಪಾಳ್ಯದಂಥ ಸಾವನ್ನು ತಪ್ಪಿಸಬಲ್ಲ ಸಾಧನ ಅದು, ದುಬಾರಿಯದೂ ಅಲ್ಲ. ರ‍್ಯಾಂಪಿನ ಬಾಯಲ್ಲಿ ರಸ್ತೆಗಿಂತ ಎತ್ತರದ ಉಬ್ಬು ಕಟ್ಟಲಿ, ಸಂಪಿನ ಬಾಯಿ ನೆರೆಯ ಮಟ್ಟಕ್ಕಿಂತ ಮೇಲಿರಲಿ, ಅಲ್ಲಿ ಯಾರೂ ಮಲಗದಿರಲಿ. ಮಳೆ ಜೋರಾದಾಗ ಕಾರು ತರಲು ಯಾರೂ ಕೆಳಗಿಳಿಯಬಾರದೆಂದು ಸಂಘಗಳು ಮೊದಲೇ ಗೊತ್ತುಮಾಡಿಕೊಳ್ಳಲಿ. ದಿನವೂ ಒಸರುವ ನೀರನ್ನು ಚರಂಡಿಗೆ ಎಸೆಯುವ ಬದಲು ಪರೀಕ್ಷಿಸಿ, ಸೋಸಿ ಶೌಚಾಲಯಕ್ಕೂ ಗಿಡಗಳಿಗೂ ಬಳಸಿದರೆ ಟ್ಯಾಂಕರಿನ ಖರ್ಚಾದರೂ ಉಳಿಯುತ್ತದೆ. ಅದಕ್ಕೊಂದು ಮೀಟರು ಕೂರಿಸಿ ತಿಂಗಳ ಲೆಕ್ಕವನ್ನು ಪಾಲಿಕೆಗೆ ಕೊಡುವಂತಾದರೆ, ಯಾವ ಬಡಾವಣೆಯ ನೆಲದಡಿ ಎಷ್ಟು ನೀರಿದೆ ಎಂಬ ನಕ್ಷೆ ಎರಡು ಮೂರು ಮಳೆಗಾಲಗಳಲ್ಲಿ ತಾನಾಗಿ ಸಿದ್ಧವಾಗುತ್ತದೆ. ಹೊಸ ಕಟ್ಟಡಗಳ ವಿಷಯದಲ್ಲಿ ಬೆಂಗಳೂರಿನ ಐದು ಹೊಸ ಪಾಲಿಕೆಗಳು ನಕ್ಷೆ ಮಂಜೂರು ಮಾಡುವಾಗ ನಿವೇಶನದ ಮಳೆಗಾಲದ ನೀರಿನ ಮಟ್ಟವನ್ನು ಅದರ ಮೇಲೆಯೇ ಬರೆಯಿಸಲಿ, ಅದೇ ಅಂಕಿ ರೇರಾ ದಾಖಲೆಗಳಲ್ಲೂ ಮಾರಾಟದ ಕರಾರಿನಲ್ಲೂ ಬರಲಿ. ಹನ್ನೆರಡು ಅಡಿಗೆ ನೀರಿದೆ, ಪಾರ್ಕಿಂಗ್ ಇಪ್ಪತ್ತು ಅಡಿಗಿದೆ ಎಂದು ಬರೆದ ಕಾಗದಕ್ಕೆ ಕೊಳ್ಳುವವರು ಸಹಿ ಹಾಕುವ ಮೊದಲು, ಗೃಹಸಾಲ ಕೊಡುವ ಬ್ಯಾಂಕಿನವರೂ ಅದನ್ನೊಮ್ಮೆ ಓದುವಂತಾಗಬೇಕು.